ಎಡಭುಜದ ಅಳತೆ

ಎರಡೂ ಕೈ ಅಗಲಿಸಿ ನಿಲ್ಲಬೇಕೆಂದು ದರ್ಜಿ ಅಂಗಡಿಯ ಆ ಹುಡುಗಿ ಸನ್ನೆ ಮಾಡಿದಾಗ ರಾಧಾಮಣಿಗೆ ನಗು ತಡೆಯಲಾಗಲಿಲ್ಲ. ಮೂವತ್ತು ವರ್ಷ ಯಲಹಂಕದ ಹೆಂಗಸರನ್ನೆಲ್ಲ ಹೀಗೇ ನಿಲ್ಲಿಸಿ ಅಳತೆ ತೆಗೆದವಳು ಅವಳು. ತನ್ನ ಮೈಗೆ ಬೇರೆಯವರ ಟೇಪು ತಾಗಿದ್ದು ಇದೇ ಮೊದಲು. ತನ್ನ ರವಿಕೆಗಾದರೆ ಹಳೆಯದೊಂದನ್ನು ಬಟ್ಟೆಯ ಮೇಲಿಟ್ಟು ತಾನೇ ಕತ್ತರಿಸಿಕೊಳ್ಳುತ್ತಿದ್ದಳು, ಅಷ್ಟೇ.

"ಬಾ! ಬಾ!" ಎಂದು ಹುಡುಗಿ ಕೂಗಿದಳು. ರಾಧಾಮಣಿ ಎರಡು ಹೆಜ್ಜೆ ಮುಂದೆ ಹೋದಳು. ಹುಡುಗಿ ಕಕ್ಕಾಬಿಕ್ಕಿಯಾಗಿ, ಒಳಗಿನಿಂದ ಬರುತ್ತಿದ್ದ ಮುದುಕಿಯನ್ನು ತೋರಿಸಿ, "ಗ್ರ್ಯಾಂಡ್‌ಮದರ್. ಬಾ," ಎಂದು ಬಿಡಿಸಿ ಹೇಳಿದಳು.

"ಅಜ್ಜೀನ ಬಾ ಅಂತಾರಂತೆ ಕಣ್ರೀ ಇಲ್ಲಿ!"

ಬಾಗಿಲಲ್ಲಿ ನಿಂತಿದ್ದ ಗಂಡ ಅಶ್ವತ್ಥ್ ಗಡಿಯಾರ ನೋಡಿಕೊಂಡ. "ಸರಿ ಸರಿ, ಬೇಗ ಮುಗ್ಸು. ಎಲ್ರೂ ಆ ಮರದ ಸೇತುವೆ ತಾವ್ಕೆ ಓಗವ್ರೆ."

ಯಲಹಂಕದಿಂದ ಹೊರಟ ಹದಿನೆಂಟು ಜನರ ತಂಡ ವಿಯೆಟ್ನಾಮಿನ ಹೊಯ್ ಆನ್‌ಗೆ ಬಂದು ಇಳಿದದ್ದು ಆ ಮಧ್ಯಾಹ್ನವೇ. ಹಿಂದೆ ಚೀನಾ, ಜಪಾನಿನ ವ್ಯಾಪಾರಿಗಳ ಹಡಗು ಬರುತ್ತಿದ್ದ ಬಂದರು ಇದು ಎಂದು ಟೂರಿನವರ ಕಡೆಯ ರಹಮತುಲ್ಲಾ ಬಸ್ಸಿನಲ್ಲಿ ಹೇಳಿದ್ದ. ಈಗ ಹಡಗಿಲ್ಲ. ಅರಿಶಿನ ಬಳಿದಂಥ ಗೋಡೆಗಳು, ಪಾಚಿಗಟ್ಟಿದ ಹೆಂಚು, ಅದರ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿ, ಹಾರ್ನಿನ ಸದ್ದೇ ಇಲ್ಲದ ಬೀದಿ. ಉಳಿದವರು ಬಣ್ಣದ ಗೂಡುದೀಪಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ರಾಧಾಮಣಿಯ ಕಣ್ಣಿಗೆ ಬಿದ್ದದ್ದು ಮಾತ್ರ ಬೇರೆ: ನಾಲ್ಕು ಅಂಗಡಿಗೆ ಒಂದು ದರ್ಜಿಯ ಅಂಗಡಿ! ಅವಳ ಕಾಲು ತಾನಾಗಿ ಒಂದರ ಒಳಗೆ ನಡೆದಿತ್ತು.

ಊರಿನಲ್ಲಿ ಅವಳ ಹೊಲಿಗೆ ನಿಂತು ಎಂಟು ತಿಂಗಳಾಗಿತ್ತು. ಚಿಕ್ಕಜಾಲದ ಜಮೀನು ಹೋಗಿ, ಬಂದ ದುಡ್ಡಿನಲ್ಲಿ ಯಲಹಂಕದಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದಮೇಲೆ, "ಬಿಲ್ಡಿಂಗ್ ಓನರ್ ಎಂಡ್ತಿ ಊರೋರ ರವಿಕೆ ಒಲಿಯಾದಾ?" ಎಂದು ಅಶ್ವತ್ಥನ ಕಡೆಯವರು ಮದುವೆ ಮುಂಜಿಗಳಲ್ಲಿ ನಕ್ಕಿದ್ದರು. ಅವನು ಆ ಮಾತನ್ನೇ ಮನೆಗೆ ತಂದು, ಹೊಲಿಗೆ ಸಾಕೆಂದ. ಅವಳು ಹೊಲಿಯುತ್ತಿದ್ದ ಕೆಳಗಿನ ಅಂಗಡಿಗೆ ಕೇಕಿನವರು ಬಾಡಿಗೆಗೆ ಬಂದರು. ಮಿಷಿನ್ನು ಹಳೇ ಸೀರೆ ಹೊದ್ದು ಮಹಡಿ ಮೆಟ್ಟಿಲ ತಿರುವಿಗೆ ಹೋಯಿತು. ರಾಧಾಮಣಿ ಜಗಳವಾಡಲಿಲ್ಲ. ಗಂಡ ಕೆಟ್ಟವನೇನೂ ಅಲ್ಲ. ಈ ಪ್ರವಾಸಕ್ಕೂ ಅವನೇ ಆಸೆಪಟ್ಟು ಕರೆತಂದಿದ್ದ. ಆದರೂ ಮಧ್ಯಾಹ್ನ ಮೂರು ಗಂಟೆಯಾದರೆ ಕೈಯನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಅಜ್ಜಿ ರಾಧಾಮಣಿಯ ಎರಡೂ ಭುಜಗಳ ಮೇಲೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿ ಒಳಗೆ ಹೋದಳು. ಚೂಡಿದಾರದ ಮೇಲೆ ತೊಡುವ ನೀಲಿಯ ಉದ್ದ ಕೋಟು ನಾಳೆ ನಾಲ್ಕಕ್ಕೆ ಸಿದ್ಧ ಎಂದಾಯಿತು.

ಮಾರನೆಯ ದಿನ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ ರಾಧಾಮಣಿಗೆ ಏನೋ ಹೊಸದೆನಿಸಿತು. ಎಲ್ಲೂ ಎಳೆಯುತ್ತಿಲ್ಲ, ಜಾರುತ್ತಿಲ್ಲ. ಬಿಚ್ಚಿ, ಒಳಮಗ್ಗುಲು ತಿರುಗಿಸಿ, ಕಣ್ಣಿನ ಹತ್ತಿರ ಹಿಡಿದಳು.

"ಏನಾತೇ? ಅರ್ದೋಗದಾ?" ಎಂದ ಅಶ್ವತ್ಥ್.

"ಇಲ್ಲ ಕಣ್ರೀ. ನನ್ ಎಡಗಡೆ ಭುಜ ತಗ್ಗು. ಇಲ್ನೋಡಿ, ಅದುಕ್ಕೆ ಒಳಗೆ ತೆಳ್ಳಗೆ ಬಟ್ಟೆ ಕೊಟ್ಟು ಮಟ್ಟ ಮಾಡವ್ರೆ."

"ತಗ್ಗಾ? ಯಾವಾಗಿಂದ?"

"ಮಿಷಿನ್ ಮುಂದೆ ಕೂತಾಗಿಂದ. ಒಂದೇ ಕಡೆ ವಾಲಿ ವಾಲಿ ಹಂಗೇ ಆಗ್ಬಿಟ್ಟಿದೆ."

ಮೂವತ್ತೊಂದು ವರ್ಷ ಜೊತೆಗಿದ್ದ ಹೆಂಡತಿಯ ಭುಜಗಳನ್ನು ಅಶ್ವತ್ಥ್ ಒಂದಾದ ಮೇಲೊಂದು ನೋಡಿದ.

ರಾಧಾಮಣಿಗೆ ಊರಿನ ಹಳೆಯ ಗಿರಾಕಿ, ಮೇಷ್ಟ್ರ ಹೆಂಡತಿ ಗೋಪಾಲಮ್ಮ ನೆನಪಾದಳು. ಎದೆಯ ಆಪರೇಷನ್ ಆಗಿ ಬಂದಮೇಲೆ ಆಕೆ ರವಿಕೆಯ ಬಟ್ಟೆ ಕೊಟ್ಟು, ಅಳತೆಗೆ ನಿಲ್ಲದೆ ಹೋಗಿಬಿಟ್ಟಿದ್ದಳು. ರಾಧಾಮಣಿ ಹಳೆಯ ಅಳತೆಗೇ ಹೊಲಿದು, ಒಂದು ಬದಿಗೆ ಒಳಗಿನಿಂದ ಹತ್ತಿ ಕೂರಿಸಿ, ಮಡಿಸಿ ಕೊಟ್ಟಿದ್ದಳು. ಎರಡು ದಿನ ಬಿಟ್ಟು ಗೋಪಾಲಮ್ಮ ಬಂದು ಎರಡು ಮೊಳ ಮಲ್ಲಿಗೆಯನ್ನು ಮಿಷಿನ್ನಿನ ಮೇಲಿಟ್ಟು ಹೋದಳು.

ಕೋಟಿನ ಒಳಮಗ್ಗುಲನ್ನು ಅಷ್ಟು ಹೊತ್ತು ನೋಡುವ ಗಿರಾಕಿ ಯಾವ ಕಸುಬಿನವಳೆಂದು ಅಜ್ಜಿಗೆ ತಿಳಿದುಹೋಯಿತು. ಎದ್ದು ಬಂದು ರಾಧಾಮಣಿಯ ತೋರುಬೆರಳನ್ನು ಹಿಡಿದು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತುದಿಯನ್ನು ಉಜ್ಜಿದಳು. ಆಮೇಲೆ ತನ್ನ ಭುಜ ತೋರಿಸಿದಳು. ಅದೂ ಎಡಕ್ಕೆ ಇಳಿದಿತ್ತು. ಇಬ್ಬರೂ ಗಟ್ಟಿಯಾಗಿ ನಕ್ಕರು.

"ಯು ಟೈಲರ್?" ಎಂದಳು ಹುಡುಗಿ.

ರಾಧಾಮಣಿ ಗಂಡನ ಕಡೆ ತಿರುಗಲು ಹೋಗಿ, ತಿರುಗಲಿಲ್ಲ. "ಎಸ್. ಟೈಲರ್. ತರ್ಟಿ ಇಯರ್ಸ್."

ಅಜ್ಜಿ ತನ್ನ ಸ್ಟೂಲನ್ನು ತಟ್ಟಿ ತೋರಿಸಿದಳು. ಕಾಲಲ್ಲಿ ತುಳಿಯುವ ಹಳೆಯ ಮಿಷಿನ್ನು. ಸೂಜಿಯ ಕೆಳಗೆ ಯಾರದೋ ನಿಲುವಂಗಿಯ ಕೆಂಪು ರೇಷ್ಮೆ ಅರ್ಧಕ್ಕೆ ನಿಂತಿತ್ತು. ರಾಧಾಮಣಿ ಚಪ್ಪಲಿ ಬಿಟ್ಟು ಕೂತಳು. ಮೊದಲ ನಾಲ್ಕು ಬೆರಳಿನಷ್ಟು ಹೊಲಿಗೆ ಸ್ವಲ್ಪ ಸೊಟ್ಟಗೆ ಹೋಯಿತು. ಬಿಚ್ಚಿದಳು. ಮತ್ತೆ ತುಳಿದಳು. ಈ ಸಲ ಗೆರೆ ಎಳೆದಂತೆ ಬಂತು. ಅಜ್ಜಿ ಬಗ್ಗಿ ನೋಡಿ ತಲೆದೂಗಿ, ಬಿಸಿ ಟೀ ತರಲು ಎದ್ದಳು.

ಅಶ್ವತ್ಥ್ ಎದುರಿಗೇ ನಿಂತಿದ್ದ. ಊರಲ್ಲಿ ಅವನು ಅಂಗಡಿಯ ಮುಂದೆ ಹಾಯುವಾಗ ಕಾಣುತ್ತಿದ್ದದ್ದು ಅವಳ ಬೆನ್ನು. ಕೆಲಸ ಮಾಡುವಾಗ ಅವಳು ಕೆಳತುಟಿಯನ್ನು ಹೀಗೆ ಕಚ್ಚಿಕೊಳ್ಳುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ.

ಫೋನು ಬಂತು. ರಹಮತುಲ್ಲಾ. "ಸಾರ್, ಎಲ್ಲಿದ್ದೀರಾ? ಎಲ್ರೂ ದೋಣಿ ಹತ್ತಿ ಆಯ್ತು. ನಿಮ್ಮಿಬ್ರಿಗೇ ಕಾಯ್ತಿರೋದು."

ಇಡೀ ಪ್ರವಾಸದಲ್ಲಿ ಎಲ್ಲರಿಗಿಂತ ಮೊದಲು ಬಸ್ಸಿನಲ್ಲಿ ಕೂರುತ್ತಿದ್ದವನು ಅಶ್ವತ್ಥ್. "ನೀವ್ ಒಂಟೋಗ್ಬಿಡಿ ಸಾರ್," ಎಂದ.

"ಮತ್ತೆ ದೋಣಿ ಇಲ್ಲ ಸಾರ್ ಇವತ್ತು."

"ಇಲ್ದಿದ್ರೆ ಬೇಡ ಬಿಡಿ. ನಮ್ಮನೆಯವ್ರು ಕೆಲ್ಸದಾಗವ್ರೆ."

ಮಿಷಿನ್ನಿನ ಸದ್ದು ಒಂದು ಕ್ಷಣ ತಗ್ಗಿತು, ಮತ್ತೆ ಓಡಿತು. ಹೊಲಿದಾದ ಬಟ್ಟೆ ಹಿಂಬದಿಯಿಂದ ಇಳಿದು ಇನ್ನೇನು ನೆಲ ಮುಟ್ಟುವುದರಲ್ಲಿತ್ತು. ಅಶ್ವತ್ಥ್ ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈ ಒಡ್ಡಿದ. ಕೆಂಪು ರೇಷ್ಮೆ ಇಷ್ಟಿಷ್ಟೇ ಬಂದು ಅವನ ಕೈಯಲ್ಲಿ ಮಡಿಕೆಯಾಗತೊಡಗಿತು.