ಹೊಡೆಯುವ ಕೈ, ಹಿಡಿಯುವ ಕೈ

ನಾನು ಒಂದು ಪಂಚಿಂಗ್ ಬ್ಯಾಗ್. ಅಂಗಡಿಯ ಗಾಜಿನ ಹಿಂದೆ ಮಿಂಚಿ ಬಂದವನಲ್ಲ. ಗದಗಿನಲ್ಲಿ ಚಪ್ಪಲಿ ಹೊಲಿಯುವ ದುರ್ಗಪ್ಪ ಲಾರಿಯ ಹಳೇ ತಾಡಪತ್ರಿಯನ್ನು ಮೂರು ಮಡಿಕೆ ಮಾಡಿ, ಮೇಣದ ದಾರದಲ್ಲಿ ಹೊಲಿದು ನನ್ನನ್ನು ಹುಟ್ಟಿಸಿದ. ಚೆಂದವಿಲ್ಲ ನಿಜ, ಆದರೆ ಗಟ್ಟಿ ಜೀವ.

ನನ್ನನ್ನು ಮಾಡಿಸಿದವರು ಭರಮಪ್ಪ ಪೈಲ್ವಾನರು. ಅವರ ಗರಡಿಯಲ್ಲಿ ಹೆಣ್ಣುಮಕ್ಕಳು ಕುಸ್ತಿಯ ಮಣ್ಣಿಗೆ ಇಳಿಯುವಂತಿರಲಿಲ್ಲ. ಮೊಮ್ಮಗಳು ಕಸ್ತೂರಿಗೋ ಹದಿನಾರು ವರ್ಷ, ಕೂತಲ್ಲಿ ಕೂರದ ಮೈ. ಅವಳಿಗಾಗಿ ಬಾಕ್ಸಿಂಗ್ ಕಲಿಸುವ ಇಮ್ತಿಯಾಜರನ್ನು ಕರೆಸಿ, ಹೊರಗಿನ ಜಗಲಿಯಲ್ಲಿ ನನ್ನನ್ನು ತೂಗುಹಾಕಿದರು.

ಒಳಗೆ ಏನು ತುಂಬುವುದು? ಪೈಲ್ವಾನರು ಯೋಚಿಸಲೇ ಇಲ್ಲ. ಅರಿಸಿನ, ಮಜ್ಜಿಗೆ, ಎಣ್ಣೆ ಕುಡಿದ ಗರಡಿಯ ಕೆಂಪು ಮಣ್ಣನ್ನು ಭಕ್ತಿಯಿಂದ ಕಂಠಮಟ್ಟ ತುಂಬಿಸಿದರು. ಮೊದಲ ಗುದ್ದಿಗೇ ಇಮ್ತಿಯಾಜರ ಮಣಿಕಟ್ಟು ಬದನೆಕಾಯಿಯಂತೆ ಊದಿತು. ನಗಬಾರದಿತ್ತು, ನಕ್ಕುಬಿಟ್ಟೆ. ಆಮೇಲೆ ಮಣ್ಣು ತೆಗೆದು ಹಳೆಯ ಸೀರೆಗಳನ್ನು ತುರುಕಿದರು.

ಕಸ್ತೂರಿಯ ಎರಡು ಗುದ್ದು ಚೆನ್ನಾಗಿ ಬೀಳುತ್ತಿದ್ದವು. ಮೂರನೆಯದಕ್ಕೆ ಅವಳ ತೋಳು ನನ್ನ ಸೊಂಟ ಸುತ್ತುತ್ತಿತ್ತು, ಕಾಲು ತೊಡರುಗಾಲು ಕೊಡಲು ಹವಣಿಸುತ್ತಿತ್ತು. ಜಗಲಿಯಿಂದ ದಿನಾ ಒಳಗಿನ ಕುಸ್ತಿ ನೋಡಿದ್ದರ ಫಲ ಅದು.

“ಹಿಡೀಬ್ಯಾಡವಾ, ಹೊಡಿ” ಎಂದು ಹೇಳಿ ಹೇಳಿ ಇಮ್ತಿಯಾಜರು ಸೋತರು.

ಆಗ ಜಿಲ್ಲಾ ಪಂದ್ಯದ ಅರ್ಜಿ ಬಂತು. ಒಬ್ಬರಿಗೆ ಒಂದೇ ಆಟ. ಅಜ್ಜ ಬಾಕ್ಸಿಂಗ್ ಎಂದು ಬರೆಯಲು ಹೊರಟಾಗ ಕಸ್ತೂರಿ ಅವರ ಪೆನ್ನನ್ನು ಹಿಡಿದು ನಿಲ್ಲಿಸಿದಳು.

“ಅಜ್ಜಾ, ನನಗ ಕುಸ್ತಿ ಬೇಕು.”

“ಹೆಣ್ಮಕ್ಕಳು ಮಣ್ಣಿಗೆ ಇಳಿಯಂಗಿಲ್ಲ. ನಮ್ಮಪ್ಪನ ಕಾಲದಿಂದ ಹಂಗ ನಡದೈತಿ.”

“ಹಂಗಾರ ಯಾವುದೂ ಬರೀಬ್ಯಾಡ.”

ನನಗೆ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಅವಳು ಬಿಟ್ಟು ಹೋಗುವುದು ನನ್ನನ್ನು. ಆದರೂ ಅವಳ ಮಾತು ಸರಿಯೆಂದು ನನ್ನ ಸೊಂಟಕ್ಕೆ ಗೊತ್ತಿತ್ತು.

ಎರಡು ದಿನ ಅವಳು ಬರಲಿಲ್ಲ. ಅಜ್ಜ ನನ್ನೆದುರು ಬಂದು ಕೂತರು. ಗುದ್ದು ಬೀಳಬೇಕಾದ ಎದೆಯ ಭಾಗ ಹೊಸದರಂತಿತ್ತು, ಅವಳು ತಬ್ಬಿ ಹಿಡಿಯುತ್ತಿದ್ದ ಸೊಂಟ ಸವೆದು ನುಣುಪಾಗಿತ್ತು. ಅಲ್ಲಿ ಅವರು ಬಹಳ ಹೊತ್ತು ಅಂಗೈ ಆಡಿಸಿದರು.

ಮೂರನೆಯ ಬೆಳಿಗ್ಗೆ ನನ್ನನ್ನು ಕೊಂಡಿಯಿಂದ ಬಿಡಿಸಿ, ಹೆಗಲ ಮೇಲೆ ಹೊತ್ತು, ಒಳಗೆ ಮಣ್ಣಿನ ನಡುವೆ ತಂದು ನಿಲ್ಲಿಸಿದರು. ಕಸ್ತೂರಿಯನ್ನು ಕರೆಸಿ ಹಣೆಗೆ ಚಿಟಿಕೆ ಮಣ್ಣು ಹಚ್ಚಿದರು.

“ಮೊದಲ ಇದನ್ನ ಚಿತ್ ಮಾಡು.”

ಅವಳು ನನ್ನನ್ನು ಎತ್ತಿ ಒಗೆದ ರಭಸಕ್ಕೆ ಹೊಲಿಗೆ ಬಿಚ್ಚಿ ಸೀರೆ ಹೊರಬಂತು. ಅಜ್ಜ ಅಲ್ಲೇ ಕೂತು ಅರ್ಜಿ ತುಂಬಿದರು. ಪಂದ್ಯದಲ್ಲಿ ಅವಳು ಎರಡನೇ ಸುತ್ತಿಗೇ ಸೋತಳು. ಮರುದಿನ ಬಂದು ನನ್ನನ್ನು ಹನ್ನೆರಡು ಸಲ ಒಗೆದಳು.

ಈಗ ನನಗೆ ವಯಸ್ಸಾಗಿದೆ, ಮೈತುಂಬ ತೇಪೆ. ಜಗಲಿಯಲ್ಲಿ ಇಮ್ತಿಯಾಜರ ಹೊಸ ಬ್ಯಾಗು ತೂಗುತ್ತದೆ. ಒಳಬಾಗಿಲಿಗೆ ಒರಗಿ ನಾನು ಆರಾಮಾಗಿದ್ದೇನೆ. ಕಸ್ತೂರಿ ಈಗ ಇಲ್ಲಿ ಕಲಿಸುತ್ತಾಳೆ. ಬಾಕ್ಸಿಂಗೋ ಕುಸ್ತಿಯೋ ಎಂದು ಕೇಳುತ್ತ ಬರುವ ಹುಡುಗಿಯರನ್ನು ಅವಳು ನನ್ನ ಮುಂದೆ ನಿಲ್ಲಿಸಿ, ಕೈ ಏನು ಮಾಡುತ್ತದೆಂದು ನೋಡುತ್ತಾಳೆ. ಕೆಲವರು ಮುಷ್ಟಿ ಕಟ್ಟುತ್ತಾರೆ, ಅವರು ಜಗಲಿಗೆ. ಮೊನ್ನೆ ಒಬ್ಬಳು ಬಂದವಳೇ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಮಣ್ಣಿನ ಅಂಚಿನಲ್ಲಿ ಕೂತಿದ್ದ ಅಜ್ಜ ದಾರಿ ಬಿಟ್ಟು ಸರಿದು ಕೂತರು.

“ಒಳಗ ಬಾರವ್ವ” ಎಂದರು.