ಹಿಂಬಾಗಿಲ ಬೆಂಚು

ನನ್ನವಳು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು, ಮಗಳು ಮತ್ತು ನನ್ನ ಹೊಟ್ಟೆಪಾಡಿನ ಇಸ್ತ್ರಿಪೆಟ್ಟಿಗೆ. ಇದ್ದಷ್ಟು ಕಾಲ ಅವಳು ದೊಡ್ಡ ಕಚೇರಿಯೊಂದರ ನೆಲ ಒರೆಸಿದಳು. ಈಗ ಅದೇ ಕಚೇರಿಯವರು ಲೆಕ್ಕಪತ್ರದ ಕೆಲಸಕ್ಕೆ ಮಗಳನ್ನು ಸಂದರ್ಶನಕ್ಕೆ ಕರೆದಿದ್ದರು. ದೇವರು ಕಣ್ಣು ಬಿಟ್ಟನೆಂದುಕೊಂಡೆ. ಅವಳ ಅಂಗಿಯಲ್ಲಿ ಒಂದು ಸುಕ್ಕೂ ಉಳಿಯದಂತೆ ಇಸ್ತ್ರಿ ಮಾಡಿ ಕಳಿಸಿದೆ.

ಸಂಜೆ ಬಂದವಳು ಮೇಜಿನ ಮೇಲೆ ಒಂದು ಬೀಗದ ಕೈ ಇಟ್ಟಳು. ಆ ಕಚೇರಿಯ ಪೊರಕೆ ಕೋಣೆಯದು, ನನ್ನವಳ ಸೊಂಟದಲ್ಲಿ ಸದಾ ಇರುತ್ತಿದ್ದದ್ದು.

"ಏನಮ್ಮಾ ಇದು?"

"ಹಿಂದಿನ ಬಾಗಿಲಿಂದ ಹೋದೆ ಅಪ್ಪಾ. ಕಾಲು ತಾನಾಗೇ ಆ ಕಡೆ ನಡೀತು."

ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ ತಾಯಿಗಾಗಿ ಕಾಯುತ್ತಿದ್ದ ಬೆಂಚು ಅಲ್ಲಿತ್ತು. ಕರೆಯದೆ ಮೇಲೆ ಬರಬಾರದೆಂದು ತಾಯಿ ಕಲಿಸಿದ್ದಳು. ಮಗಳು ಅಲ್ಲೇ ಕೂತಳು. ಕಾವಲುಗಾರನೂ "ಕೂತಿರು ಪುಟ್ಟಿ, ಕರೀತಾರೆ" ಎಂದು ನೀರು ಕೊಟ್ಟ. ಮುಂಬಾಗಿಲ ಸೋಫಾದಲ್ಲಿ ಕೂತವರನ್ನೆಲ್ಲ ಕರೆದು ಮುಗಿಸಿದರು. ಕಾದು ಕಾದು ಕೊನೆಗೆ ಇವಳೇ ಮೇಲೆ ಹತ್ತಿ ಹೋದಾಗ ಕೆಲಸ ಬೇರೆಯವರ ಪಾಲಾಗಿತ್ತು.

"ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. ಮ್ಯಾನೇಜರಮ್ಮ ಟೀ ಕೊಟ್ರು. 'ನಿಮ್ಮಮ್ಮ ಚಿನ್ನದಂಥವಳು. ನೇರ ಬರೋದಲ್ವಾ, ಯಾರು ತಡೀತಿದ್ರು?' ಅಂದ್ರು. ಅಮ್ಮನ ಜಾಗ ಇನ್ನೂ ಖಾಲಿಯಂತೆ. ನಿಮ್ಮ ಮನೆಯವರ ಮೇಲೆ ನಂಬಿಕೆ ಅಂತ ಇದನ್ನ ಕೈಗೇ ಕೊಟ್ಟುಬಿಟ್ರು."

ಆಕೆಯದು ಒಳ್ಳೆಯ ಮನಸ್ಸೇ, ನನಗೆ ಸಂಶಯವಿಲ್ಲ. ಯಾರೂ ಬಾಗಿಲು ಮುಚ್ಚಿರಲಿಲ್ಲ. ಆದರೂ ತಾಯಿಯ ಪೊರಕೆ ಮಗಳ ಕೈಗೆ ಬರುವುದು ಎಲ್ಲರಿಗೂ ಎಷ್ಟು ಸಹಜವಾಗಿ ಕಂಡಿತು! ಸಂಬಳ ನೆನೆದು ನನ್ನ ಬಾಯಿಗೂ 'ಇರಲಿ ಬಿಡು' ಎಂಬ ಮಾತು ಬಂದಿತ್ತು. ದೇವರ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದೆ.

"ಬೆಳಿಗ್ಗೆ ವಾಪಸು ಕೊಟ್ಟು ಬರೋಣ," ಎಂದೆ. ನನ್ನ ಅಂಗಿಗೂ ಇಸ್ತ್ರಿ ಹಾಕಿಕೊಂಡೆ.

ಮರುದಿನ ಮುಂಬಾಗಿಲ ಕಡೆ ಹೊರಟ ನಮ್ಮನ್ನು ಕಂಡು ಕಾವಲುಗಾರ ಹಿಂಬಾಗಿಲಿಂದಲೇ ಕೂಗಿದ: "ಯಜಮಾನ್ರೇ, ಆ ಕಡೆ ಎಲ್ಲಿಗೆ? ಹೀಗೆ ಬನ್ನಿ, ಹತ್ತಿರ!"

"ಇವತ್ತು ಸುತ್ತಿಕೊಂಡೇ ಬರ್ತೀವಿ ಮಾವ," ಎಂದಳು ಮಗಳು. "ಅಪ್ಪನಿಗೆ ಸಕ್ಕರೆ ಕಾಯಿಲೆ, ನಡೀಬೇಕಂತೆ."

ಮುಂಬಾಗಿಲ ಮೇಜಿನ ಮೇಲೆ ಬೀಗದ ಕೈ ಇಟ್ಟು, "ಮ್ಯಾನೇಜರಮ್ಮನ್ನ ನೋಡ್ಬೇಕು. ಮುಂದಿನ ಸಂದರ್ಶನ ಯಾವಾಗ ಅಂತ ಕೇಳೋದಿದೆ," ಎಂದಳು.

"ಕೂತಿರಿ," ಎಂದರು ಅಲ್ಲಿದ್ದವರು.

ಮಗಳು ಸೋಫಾದಲ್ಲಿ ಕೂತಳು. ನಾನು ಗೋಡೆಯ ಪಕ್ಕ ನಿಂತಿದ್ದೆ.

"ಕೂತ್ಕೊ ಅಪ್ಪಾ."

"ಅಂಗಿ ಮುದುಡುತ್ತೆ."

"ಮುದುಡಲಿ."

ಕೂತೆ.