ಹೆಸರು ಕತ್ತರಿಸಿಕೊಂಡ ಹನ್ನೊಂದು ಬಿಷಪ್ಪರು

1

ಮರದ ಪಟ್ಟಿ ನೂರಾ ಎಂಬತ್ತು, ಗಾಜು ತೊಂಬತ್ತು, ಹಿಂದಿನ ರಟ್ಟು ಮೂವತ್ತು, ಕೂಲಿ ನೂರು. ಒಬ್ಬ ಬಿಷಪ್ಪನಿಗೆ ನಾನೂರು ರೂಪಾಯಿ. ಕಥೆಯನ್ನು ಹೀಗೆ ಶುರು ಮಾಡಬಹುದೆ? ಮೊದಲ ಡ್ರಾಫ್ಟ್ "ತಾಮ್ರದ ತಗಡಿನಲ್ಲಿ ಮಲಗಿದ್ದ ಶತಮಾನಗಳು ಕಣ್ಣು ತೆರೆದವು" ಎಂದಿತ್ತು. ಹರಿದು ಹಾಕಿದೆ. ಶತಮಾನಗಳಿಗೆ ಕಣ್ಣಿರುವುದಿಲ್ಲ, ಇದ್ದಿದ್ದರೆ ಅಂಥ ವಾಕ್ಯ ನೋಡಿ ಮುಚ್ಚಿಕೊಳ್ಳುತ್ತಿದ್ದವು.

2

ಪುಣೆ ಪಕ್ಕದ ನಿಗಡಿಯಲ್ಲಿ ಮಲಕಪ್ಪನದು ಫೋಟೋ ಫ್ರೇಮಿನ ಅಂಗಡಿ. ಮೂವತ್ತು ವರ್ಷದಿಂದ ಆತ ಹೆಚ್ಚಾಗಿ ಕಟ್ಟಿದ್ದು ತೀರಿಕೊಂಡವರನ್ನು. ಹಾರಕ್ಕೆಂದು ಮೇಲೆ ಎರಡು ಮೊಳೆ ಹೊಡೆದುಕೊಡುತ್ತಾನೆ, ಅದಕ್ಕೆ ದುಡ್ಡಿಲ್ಲ. ಫೋಟೋದ ಕೆಳಗೆ ಸ್ಟುಡಿಯೋದ ಹೆಸರೋ ತಾರೀಖೋ ಇದ್ದರೆ ಕತ್ತರಿಸುತ್ತಾನೆ. ಮನೆಯವರ ಮುಖಕ್ಕೆ ಚೀಟಿ ಯಾಕೆ?

ಅವನ ಬಳಿಗೆ ಮಧುಕರ್ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು, ಯುರೋಪಿನ ಹಳೆಯ ಚರ್ಚುಗಳ ದೊಡ್ಡ ಪಾದ್ರಿಗಳಾದ ಬಿಷಪ್ಪರ ಚಿತ್ರಗಳನ್ನು ಇಪ್ಪತ್ತು ವರ್ಷದಿಂದ ಕೂಡಿಟ್ಟವರು. ತಾಮ್ರದ ಮೇಲೆ ಗೆರೆ ಕೊರೆದು ಕಾಗದಕ್ಕೆ ಒತ್ತಿದ ಚಿತ್ರಗಳು. ಅಡಿಯಲ್ಲಿ ಸಣ್ಣಕ್ಷರದಲ್ಲಿ ಹೆಸರು, ಪದವಿ, ಇಸವಿ.

"ರವಿವಾರ ಪ್ರದರ್ಶನ ಅದ, ಮಲಕಪ್ಪಾ. ಹನ್ನೊಂದೂ ಒಂದೇ ಸೈಜ್ ಕಾಣಬೇಕು ನೋಡು."

ಒಂದೇ ಸೈಜ್ ಆದವು. ಹೇಗೆ ಆದವೆಂದು ನಿಮಗೆ ಆಗಲೇ ತಿಳಿದಿದೆ.

3

ಇಲ್ಲಿ ಮಧುಕರ್ ಎದೆ ಹಿಡಿದುಕೊಂಡು ಕುಸಿಯುವ ಡ್ರಾಫ್ಟ್ ಒಂದಿತ್ತು. ಮಲಕಪ್ಪ ಒಪ್ಪಲಿಲ್ಲ. "ಅಂಗಡ್ಯಾಗ ಯಾರೂ ಸಾಯೂದು ಬ್ಯಾಡ್ರಿ. ಸತ್ತ ಮ್ಯಾಲೆ ಬರೂ ಜಾಗಾ ಇದು."

ಸರಿ, ಕುಸಿಯಲಿಲ್ಲ. ಕೂಗಾಡಿದರು.

"ಹೆಸರೇ ಕತ್ತರಿಸೀಯಲ್ಲೋ! ಕಿಮ್ಮತ್ತೆಲ್ಲಾ ಅದರಾಗ ಇತ್ತು. ಪುಣೆದಾಗ ಯಾರೂ ನಿನಗ ಒಂದು ಕ್ಯಾಲೆಂಡರ್ ಸೈತ ಕೊಡದ ಹಂಗ ಮಾಡ್ತೀನಿ!"

ಮಲಕಪ್ಪ ಕತ್ತರಿ ಕೆಳಗಿಟ್ಟ. ಮೂವತ್ತು ವರ್ಷದಲ್ಲಿ ಅವನು ಕೆಲಸ ಕೆಡಿಸಿದನೆಂದು ಯಾರೂ ಅಂದಿರಲಿಲ್ಲ. ಆ ಒಳ್ಳೆಯ ಮಾತೊಂದೇ ಅವನ ಆಸ್ತಿ.

ಹಿಂದೆ ಕೂತು ಗಾಜು ಒರೆಸುತ್ತಿದ್ದ ಹೆಂಡತಿ ಕಾಶವ್ವ ಕಸದ ಡಬ್ಬಿ ಬೋರಲು ಹಾಕಿ ಕತ್ತರಿಸಿದ ಕಾಗದದ ಪಟ್ಟಿಗಳನ್ನು ಹೆಕ್ಕಿದಳು. "ಹೆಸರು ಇಲ್ಲೇ ಅದಾವ. ಯಾರದು ಯಾರಿಗೆ ಅಂತ ನೀವು ಹೇಳ್ರಿ, ಅಂಟಿಸಿ ಕೊಡ್ತೀವಿ."

ಮಧುಕರ್ ಮೊದಲ ಬಿಷಪ್ಪನನ್ನು ನೋಡಿದರು. ಎರಡನೆಯವನನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಮೊದಲನೆಯವನಿಗೆ ಬಂದರು.

"ಇವ್ರು... ಕೆಳಗ ಬರದಿತ್ತಲ್ಲ."

"ನಿಮ್ಮ ಮುತ್ಯಾನ ಫೋಟೋಕ್ಕೂ ಚೀಟಿ ಹಚ್ಚೀರೇನ್ರಿ?" ಎಂದಳು ಕಾಶವ್ವ.

(ಫೋನಿನಲ್ಲಿ ಫೋಟೋ ಇರಲಿಲ್ಲವೆ ಎಂದು ಕೇಳುತ್ತೀರಿ. ಇದ್ದವು. ಅವರು ತೆಗೆದಿಟ್ಟಿದ್ದು ಬರೀ ಅಡಿಬರಹದ ಕ್ಲೋಸ್-ಅಪ್, ಅದೂ ನಾಲ್ಕೈದು ಚಿತ್ರದ್ದು. ನಗುವವರು ತಮ್ಮ ಕಪಾಟಿನ ಪುಸ್ತಕಗಳ ಹೆಸರು ಮುಚ್ಚಿ, ಒಳಗೇನಿದೆ ಹೇಳಲಿ. ನಾನಂತೂ ಹೇಳಲಾರೆ.)

4

ಹಳೆಯ ಕಾಗದದ ಮೇಲೆ ಕಂದು ಕಲೆಗಳಿದ್ದವು. ಕತ್ತರಿ ಅವನ್ನೂ ಎರಡು ಮಾಡಿತ್ತು. ಮೇಲಿನ ಅರ್ಧ ಕಲೆಗೆ ಕೆಳಗಿನ ಅರ್ಧ ಹೊಂದಿಸುತ್ತ, ಒಂದೊಂದು ಮುಖವನ್ನೂ ಓದುತ್ತ ಹೋದಳು ಕಾಶವ್ವ.

"ಇವಂಗ ಹಲ್ಲುನೋವು, ಈ ಚೀಟಿ ಇವಂದು. ಇವಂಗ ಮಧ್ಯಾಹ್ನದ ಊಟಾ ಯಾರೂ ಹಾಕಿಲ್ಲ, ಇದು ಇವಂದು."

ಹತ್ತು ಕೂಡಿದವು. ಹನ್ನೊಂದನೆಯ ಚೀಟಿ ಮುಂಜಾನೆಯ ಕಸದ ಗಾಡಿಯಲ್ಲಿ ಹೋಗಿತ್ತು, ಫೋನಿನಲ್ಲೂ ಅದು ಇರಲಿಲ್ಲ. ಮಧುಕರ್ ಹತ್ತನ್ನು ಎತ್ತಿಕೊಂಡು ಕೊನೆಯದನ್ನು ಮೇಜಿನ ಮೇಲೆ ತಳ್ಳಿದರು.

"ಹೆಸರಿಲ್ಲದಾವ ನನಗ್ಯಾಕ?"

5

ಮುಗಿಸಲು ದಾರಿಗಳಿವೆ. ಚೀಟಿ ಸಿಕ್ಕಿತು ಎನ್ನಬಹುದು. ಹೋದ ಕಸ ತಿರುಗಿ ಬಂದದ್ದನ್ನು ನೀವು ಕಂಡಿದ್ದರೆ. ಆ ಹನ್ನೊಂದನೆಯದೇ ಲಕ್ಷಗಟ್ಟಲೆ ಬಾಳುವ ಚಿತ್ರವಾಗಿತ್ತು ಎನ್ನಬಹುದು. ("ಅದು ಸಿನಿಮಾ ಆತ್ರಿ," ಎಂದ ಮಲಕಪ್ಪ.) ನಾನೇ ಅವನಿಗೊಂದು ಹೆಸರಿಡಲು ಹೋದೆ. "ನಿಮಗ್ಯಾರು ಕೇಳ್ಯಾರ?" ಎಂದಳು ಕಾಶವ್ವ. ಪೆನ್ನು ಕೆಳಗಿಟ್ಟೆ.

ಈಗ ಆ ಮುಖ ಅಂಗಡಿಯ ಗೋಡೆಯ ಮೇಲಿದೆ. ಎರಡು ಮೊಳೆ, ಒಂದು ಪ್ಲಾಸ್ಟಿಕ್ ಹಾರ. ಬಂದವರು ಮರಾಠಿಯಲ್ಲಿ "ಹೇ ಕೋಣ್?" ಇವರು ಯಾರು, ಎನ್ನುತ್ತಾರೆ. "ಆಮ್ಚೇಚ್," ನಮ್ಮವರೇ, ಎನ್ನುತ್ತಾನೆ ಮಲಕಪ್ಪ. ಆಮೇಲೆ ಅವರು ತಂದ ಫೋಟೋಕ್ಕೆ ಕತ್ತರಿ ಹಿಡಿದು, "ಹೆಸರು ಇರಲೋ, ಹೋಗಲೋ?" ಎಂದು ಕೇಳುತ್ತಾನೆ. ಮೊದಲು ಕೇಳುತ್ತಿರಲಿಲ್ಲ.

ಮಧುಕರ್ ಮತ್ತೆ ಬರಲಿಲ್ಲ, ಅವರು ಕಳಿಸುತ್ತಿದ್ದ ಇಬ್ಬರು ಗಿರಾಕಿಗಳೂ ಬರಲಿಲ್ಲ. ಹೋದದ್ದು ಮೂವರು ಗಿರಾಕಿಗಳು, ಒಂದು ಫ್ರೇಮಿನ ನಾನೂರು ರೂಪಾಯಿ, ಮೂವತ್ತು ವರ್ಷದ ಒಳ್ಳೆಯ ಮಾತು. ಬಂದದ್ದು ಯಾರೆಂದು ಗೊತ್ತಿಲ್ಲದ ಒಬ್ಬ ಮುದುಕ.